ಕಾಲಿಗೆ ಗೊತ್ತಿದ್ದ ಭಾರ

ಐದು ಕಿಲೋ ಡಂಬೆಲ್ ಎತ್ತುವಾಗಲೇ ನನ್ನ ತೋಳು ನಡುಗಿದ್ದನ್ನು ನಾನು ಪಾಠ ಮಾಡುವ ಹುಡುಗರೇ ನೋಡಿಬಿಟ್ಟರು. ಬನಾರಸ್ಸಿನ ಲಂಕಾ ಬಡಾವಣೆಯಲ್ಲಿ ಜಿಮ್ ಸೇರಿದ ಮೊದಲ ದಿನವದು. ಜಿಮ್ ನಡೆಸುವ ಹಳೆಯ ಪೈಲ್ವಾನರು ಹತ್ತಿರ ಬಂದು, ಜೋತುಬಿದ್ದ ನನ್ನ ತೋಳಿನ ಚರ್ಮ ನೋಡಿ, ಎಷ್ಟು ತೂಕ ಇಳಿಸಿದ್ದೀರಿ ಎಂದು ಕೇಳಿದರು. ಮೂವತ್ತು ಕಿಲೋ ಎಂದೆ. ಅಖಾಡದ ಪದ್ಧತಿಯಂತೆ ನೆಲ ಮುಟ್ಟಿ ನಮಸ್ಕರಿಸಲು ಹೇಳಿ, ಅಷ್ಟೇ ತೂಕದ ಮರಳಿನ ಚೀಲವನ್ನು ನನ್ನ ಹೆಗಲಿಗೇರಿಸಿ, ಕೂತು ಏಳಿ ಎಂದರು. ತಡೆಯಿಲ್ಲದೆ ಹತ್ತು ಸಲ ಎದ್ದೆ.

"ಕೈ ಹೊಸದು ಗುರೂ, ಕಾಲು ಮಾತ್ರ ಪೈಲ್ವಾನನದು. ಇಷ್ಟು ವರ್ಷ ಈ ಮೂವತ್ತು ಕಿಲೋನ ಮೈಮೇಲೆ ಹೊತ್ಕೊಂಡೇ ಅಸ್ಸಿಘಾಟಿನ ಮೆಟ್ಟಿಲು ಹತ್ತಿದ್ದೀರಲ್ಲ," ಎಂದು ಪೈಲ್ವಾನರು ಹಿಂದಿಯಲ್ಲಿ ಹೇಳಿದರು.

ನಾಚಿಕೆಯಿಂದ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ನನ್ನ ಹಳೆಯ ಫೋಟೊವನ್ನು ಅಂದೇ ಗೋಡೆಗೆ ತೂಗುಹಾಕಿದೆ. ಆ ದಪ್ಪ ಮನುಷ್ಯನೇ ನನ್ನನ್ನು ಮೊದಲು ಪಳಗಿಸಿದವನು.