ಹನ್ನೆರಡನೇ ಸಾಲು

ಕೆಸರಮ್ಮ ಎಂದು ಅವಳಿಗೆ ಹೆಸರಿಟ್ಟವಳು ನಾನೇ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ನಮ್ಮಿಬ್ಬರ ಅಡುಗೆಮನೆಗಳ ನಡುವೆ ಒಂದೇ ಗೋಡೆ. ಬೆಳಿಗ್ಗೆ ಅವಳು ಗೋಡೆ ತಟ್ಟಿ, "ಅಕ್ಕಾ, ಎದ್ರಾ?" ಎಂದ ಮೇಲೆಯೇ ನಾನು ಹಾಸಿಗೆ ಬಿಡುತ್ತಿದ್ದುದು. ಕಾಡಿನಂಚಿನ ಸಸಿತೋಟದಲ್ಲಿ ನಾನು ಮೇಸ್ತ್ರಿ, ಅವಳು ನನ್ನ ಕೈಕೆಳಗಿನ ಆಳು. ವರ್ಷದಲ್ಲಿ ಎಂಟು ತಿಂಗಳು ಮಳೆ ಸುರಿಯುವ ಆ ಕಾಡಿನಲ್ಲಿ, ಕಡಿದುಹೋದ ದೊಡ್ಡ ಮರಗಳ ಜಾಗಕ್ಕೆ ಸಸಿ ಬೆಳೆಸಿ ಕೊಡುವುದು ನಮ್ಮ ಕೆಲಸ.

ನನಗೆ ಶುಚಿಯ ಹುಚ್ಚು. ಮಣ್ಣನ್ನು ತಗಡಿನ ಮೇಲೆ ಹರಡಿ, ಕೆಳಗೆ ಬೆಂಕಿ ಹಾಕಿ, ಹುಳ, ಬೂಷ್ಟು ಒಂದೂ ಉಳಿಯದಂತೆ ಹುರಿಸಿ, ಜರಡಿ ಹಿಡಿಸಿ, ಆಮೇಲೆಯೇ ಚೀಲಕ್ಕೆ ತುಂಬಿಸುತ್ತಿದ್ದೆ. ಬಂದವರು ಹೊಗಳಿದರೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇವಳೋ, ದಿನಾ ಅರ್ಧ ಗಂಟೆ ತಡ. ಬಟ್ಟೆಯ ಅಂಚೆಲ್ಲ ಕೆಸರು, ಉಗುರೊಳಗೆ ಕಪ್ಪು, ಕಂಕುಳಲ್ಲಿ ಒಂದು ಗಂಟು. ಗಂಟಿನಲ್ಲಿ ಏನಿದೆ ಎಂದು ಒಂದು ದಿನವೂ ಕೇಳಲಿಲ್ಲ. ಬೈಯುವುದಕ್ಕೇ ನನಗೆ ಹೊತ್ತು ಸಾಲುತ್ತಿರಲಿಲ್ಲ. "ಬಂದ್ಲು ನೋಡ್ರಪ್ಪ ಕೆಸರಮ್ಮ" ಎಂದರೆ ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆ ವರ್ಷ ಹನ್ನೆರಡು ಸಾಲು ಸಸಿಗಳಲ್ಲಿ ಹನ್ನೊಂದು ಸಾಲು ಗೇಣುದ್ದ ಬೆಳೆದು ಹಳದಿಗೆ ತಿರುಗಿದವು. ಎಲ್ಲ ಸಾಲಿಗೂ ನೀರು ಹಾಕುವವಳು ಅವಳೇ, ಆದರೆ ಚೀಲ ತುಂಬಿದ್ದು ನಲ್ಲಿಯ ಪಕ್ಕದ ಕೊನೆಯ ಸಾಲಿನದ್ದು ಮಾತ್ರ. ಆ ಸಾಲೊಂದೇ ಮೊಣಕಾಲೆತ್ತರಕ್ಕೆ ಹಸಿರಾಗಿ ನಿಂತಿತ್ತು. ಅರಣ್ಯ ಇಲಾಖೆಯ ಸಾಹೇಬರು ಬಂದು ಕಾರಣ ಕೇಳಿದರು. ಮೇಸ್ತ್ರಿಕೆ ಕೈತಪ್ಪುತ್ತದೆ ಎಂದು ಹೆದರಿ, ಪಕ್ಕದಲ್ಲಿ ನಿಂತಿದ್ದ ಓರಗಿತ್ತಿಯ ಕಡೆ ಕೈ ತೋರಿಸಿದೆ.

"ಇವಳು ನೀರು ಸರಿಯಾಗಿ ಹಾಕಲ್ಲ ಸಾರ್," ಎಂದೆ.

"ಮತ್ತೆ ಆ ಕೊನೇ ಸಾಲು?"

"ಅದು ನಾನೇ ನೋಡ್ಕೊಂಡಿದ್ದು."

ಅವಳು ನನ್ನ ಮುಖ ನೋಡಿದಳು. ಮಾರನೆಯ ದಿನದಿಂದ ಅವಳಿಗೆ ಕೆಲಸವಿಲ್ಲ, ನನಗೆ ಗೋಡೆ ತಟ್ಟುವವರಿಲ್ಲ.

ಮುಂದಿನ ವರ್ಷ ಹನ್ನೆರಡಕ್ಕೆ ಹನ್ನೆರಡೂ ಸಾಲು ಹಳದಿಯಾದವು. ಮಣ್ಣು ಪರೀಕ್ಷೆಯ ಮೇಡಂ ಬಂದು ಒಂದು ಸಸಿ ಕಿತ್ತು ಬೇರು ತೊಳೆದರು.

"ಬೇರು ಬೋಳಾಗಿದೆ ನೋಡಿ. ಈ ಜಾತಿ ಮರದ ಬೇರಿಗೆ ಬೂಷ್ಟಿನ ಬಿಳಿ ಎಳೆ ಸುತ್ಕೊಂಡಿರ್ಬೇಕು. ಮಳೆ ಸಾರವನ್ನೆಲ್ಲ ತೊಳೆದುಬಿಡೋ ಮಣ್ಣು ಇದು. ಎಲೆ ಬೀಳುತ್ತೆ, ಗೆದ್ದಲು ಪುಡಿ ಮಾಡುತ್ತೆ, ಬೂಷ್ಟು ಕೊಳೆಸುತ್ತೆ. ಆ ಸಾರ ಕೊಚ್ಚಿಹೋಗೋಕೆ ಮುಂಚೆ ಈ ಎಳೆಗಳು ಹಿಡಿದು ಬೇರಿಗೆ ತಂದ್ಕೊಡ್ತವೆ. ಬದಲಿಗೆ ಮರ ತನ್ನ ಎಲೇಲಿ ಮಾಡಿದ ಸಕ್ಕರೆ ಕೊಡುತ್ತೆ. ಮಣ್ಣು ಹುರಿದಾಗ ಎಳೆ ಸತ್ತೋಯ್ತು, ಅಷ್ಟೇ." ಆಮೇಲೆ ಹಳೆಯ ವರದಿ ತಿರುವಿದರು. "ಹೋದ ವರ್ಷದ ಹನ್ನೆರಡನೇ ಸಾಲು ನೀವೇ ಬೆಳೆಸಿದ್ದಲ್ವಾ? ಏನು ಹಾಕಿದ್ರಿ? ಹೇಳಿದ್ರೆ ಇವನ್ನೂ ಉಳಿಸ್ಬೋದು."

ನಾಳೆ ಹೇಳ್ತೀನಿ ಎಂದೆ.

ಸಂಜೆ ಓರಗಿತ್ತಿಯ ಮನೆಗೆ ಹೋದೆ. ಕ್ಷಮೆ ಕೇಳಲು ಅಲ್ಲ, ಗುಟ್ಟು ಕೇಳಲು, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು.

"ತಾಯಿಮರದ ಬುಡದ ಮಣ್ಣು ಅಕ್ಕ. ಕೊಳೆತ ಎಲೆ, ಬಿಳಿ ಎಳೆ ಇರೋದು. ಚೀಲಕ್ಕೊಂದು ಹಿಡಿ. ಬರೋವಾಗ ಹಾಗೇ ಕಾಡಿಗೆ ಹೋಗಿ ಗಂಟು ಕಟ್ಕೊಂಡು ಬರ್ತಿದ್ದೆ. ಸಸಿ ತಾನಾಗಿ ಹುಟ್ಟೋದು ಅಲ್ಲೇ ಅಲ್ವಾ?"

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದನ್ನೂ ಹುರಿಸಿಬಿಡ್ತಿದ್ರಿ."

ನಗು ಬಂತು, ನಗಲಾಗಲಿಲ್ಲ. ಅವಳು ಕೈಯಲ್ಲಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟಳು.

"ಎಲ್ಲಾ ಸಾಲಿಗೂ ನಾನು ಸರಿಯಾಗಿ ನೀರು ಹಾಕ್ತಿದ್ದೆ ಅಂತ ಆವತ್ತು ನಿಮಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು."

ತಲೆಯಾಡಿಸಿ ಮತ್ತೆ ಅಂಗಿ ಕೈಗೆತ್ತಿಕೊಂಡಳು. ಬೈದಿದ್ದರೆ ಉಂಡು ಮಲಗಬಹುದಿತ್ತು.

ಮಾರನೆಯ ದಿನ ಸಾಹೇಬರು, ಮೇಡಂ, ಆಳುಗಳು ಎಲ್ಲರೆದುರು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಸಾಹೇಬರು ನನ್ನ ಕಡೆ ನೋಡಲಿಲ್ಲ. ಮೇಡಂ ಪೆನ್ನು ತೆಗೆದು, "ಅವರ ಹೆಸರು ಹೇಳಿ, ವರದೀಲಿ ಬರೀಬೇಕು," ಎಂದರು.

ಬಾಯಿ ತೆರೆದೆ. ಮೊದಲು ಹೊರಬಿದ್ದದ್ದು "ಕೆಸರಮ್ಮ".

ಈ ಸಲ ಯಾರೂ ನಗಲಿಲ್ಲ.