ಹಡಗು ಕಾಯಲಿ ಎನ್ನುವ ಗುತ್ಯಪ್ಪ

ಬೆಳಗಿನ ಐದೂವರೆ. ಸೊರಬದ ಹೊರಗೆ, ಆನವಟ್ಟಿ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಗುತ್ಯಪ್ಪ ಸ್ಟೌವಿನ ಉರಿಗೆ ಕಬ್ಬಿಣದ ಕಡ್ಡಿಯೊಂದನ್ನು ಹಿಡಿದು ಕೂತಿದ್ದಾರೆ. ಕಡ್ಡಿಯ ತುದಿ ಗೋಲಿಯಂತೆ ದುಂಡಗಿದೆ. ಅದು ಹದವಾಗಿ ಕಾದ ಮೇಲೆ ಜೇನುಮೇಣಕ್ಕೆ ತಾಗಿಸಿ, ಮೇಜಿನ ಮೇಲಿರುವ ಮರದ ಚಕ್ರದ ಮೂಲೆಯೊಂದಕ್ಕೆ ಒತ್ತಿ, ಉಸಿರು ಹಿಡಿದು ಎಳೆಯುತ್ತಾರೆ. ಚೂಪಾಗಿದ್ದ ಮೂಲೆ ಮೇಣ ತುಂಬಿ ದುಂಡಗಾಗುತ್ತದೆ. ಬೆರಳಾಡಿಸಿ ನೋಡುತ್ತಾರೆ. ಸಮಾಧಾನವಿಲ್ಲ. ಕೆರೆದು ತೆಗೆದು ಮತ್ತೆ ಮೊದಲಿನಿಂದ ಶುರು.

ಪಕ್ಕದಲ್ಲಿ ಗೋಣಿಚೀಲದ ಮೇಲೆ ಒಡೆದ ಕಂಚಿನ ಚಕ್ರವೊಂದು ಮೂರು ತುಂಡಾಗಿ ಬಿದ್ದಿದೆ. ಉಪ್ಪುನೀರಿಗೆ ಹಸಿರುಗಟ್ಟಿದೆ. ಅದು ಬಂದಿರುವುದು ಹಡಗಿನಿಂದ. ಮುಂಬೈಯಿಂದ ಹೊರಟು ಗೋವಾ, ಲಕ್ಷದ್ವೀಪ ಸುತ್ತಿಸಿಕೊಂಡು ಬರುವ ಹಳೆಯ ಪ್ರವಾಸಿ ಹಡಗದು. ಸಮುದ್ರದ ನೀರೆಳೆದು ಎಂಜಿನ್ ತಣ್ಣಗಿಡುವ ಪಂಪು ಕೆಟ್ಟು, ಮೂರು ದಿನದಿಂದ ಕರಾವಳಿಯ ಬಂದರೊಂದರಲ್ಲಿ ನಿಂತಿದೆ. ಒಳಗೆ ಆರುನೂರ ನಲವತ್ತು ಪ್ರಯಾಣಿಕರು. ಪಂಪು ತಯಾರಿಸಿದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ಹೊರದೇಶದಿಂದ ಬಿಡಿಭಾಗ ತರಿಸುವುದಾದರೆ ಆರು ವಾರ. ಹಾಗಾಗಿ ಒಡೆದ ಚಕ್ರ ಘಟ್ಟ ಹತ್ತಿ ಜೀಪಿನಲ್ಲಿ ಸೊರಬಕ್ಕೆ ಬಂದಿದೆ.

ಏಳು ಗಂಟೆಯೊಳಗೆ ಗುತ್ಯಪ್ಪನವರ ಮೊಬೈಲು ನಾಲ್ಕು ಸಲ ಬಡಿದುಕೊಳ್ಳುತ್ತದೆ. ಬಂದರಿನ ಏಜೆಂಟು. ಐದನೇ ಸಲಕ್ಕೆ ಮೇಣದ ಕೈಯಲ್ಲೇ ಎತ್ತುತ್ತಾರೆ.

"ಬುಧವಾರ ಅಂದಿದೀನಲ್ರೀ. ಬುಧವಾರನೇ."

ಆ ಕಡೆಯ ಕೂಗು ಶೆಡ್ಡಿಗೆಲ್ಲ ಕೇಳುತ್ತದೆ. ಜನ ಊಟದ ಹಾಲಿನಲ್ಲಿ ಕುರ್ಚಿ ಎಸೆಯುತ್ತಿದ್ದಾರಂತೆ, ವಿಮಾನ ತಪ್ಪಿಸಿಕೊಂಡವರು ಕ್ಯಾಪ್ಟನ್ನನ ಕಾಲರಿಗೆ ಕೈ ಹಾಕಿದ್ದಾರಂತೆ. ಗುತ್ಯಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಹಡಗು ಕಾಯ್ಲಿ ಬಿಡ್ರಿ," ಎಂದು ಫೋನ್ ಕೆಳಗಿಡುತ್ತಾರೆ.

ಗುತ್ಯಪ್ಪನವರಿಗೆ ಐವತ್ತೆಂಟು. ಹುಟ್ಟಿದ್ದು ಕುಬಟೂರಿನಲ್ಲಿ. ಹದಿನಾಲ್ಕನೇ ವಯಸ್ಸಿಗೆ ಸೊರಬದ ಗುಡಿಗಾರರೊಬ್ಬರ ಮನೆಗೆ ಶ್ರೀಗಂಧದ ಹೊಟ್ಟು ಗುಡಿಸುವ ಕೆಲಸಕ್ಕೆ ಸೇರಿದರು. ಗುಡಿಸುತ್ತ ನೋಡಿದರು, ನೋಡುತ್ತ ಉಳಿ ಹಿಡಿದರು. ಗಂಧದ ಮರ ಸಿಗುವುದು ಕಷ್ಟವಾಗಿ ಆ ಮನೆಯಲ್ಲೇ ಕೆಲಸ ಕಡಿಮೆಯಾದಾಗ, ಶಿಕಾರಿಪುರದ ಸಣ್ಣ ಎರಕದ ಕಾರ್ಖಾನೆಯವರು ಟಿಲ್ಲರಿನ ಗೇರ್‌ಪೆಟ್ಟಿಗೆಗೆ ಮರದ ಅಚ್ಚು ಮಾಡಿಕೊಡುವವರನ್ನು ಹುಡುಕಿಕೊಂಡು ಬಂದರು. ಯಜಮಾನರು ಗುತ್ಯಪ್ಪನವರನ್ನು ತೋರಿಸಿದರು. ಅಲ್ಲಿಂದ ಇಲ್ಲಿಗೆ ಮೂವತ್ತೊಂದು ವರ್ಷ.

ಕೆಲಸ ಹೇಳುವುದಕ್ಕೆ ಸುಲಭ. ಬೇಕಾದ ಭಾಗವನ್ನು ಮೊದಲು ಮರದಲ್ಲಿ ಕೆತ್ತಬೇಕು. ಆ ಅಚ್ಚನ್ನು ಮರಳಿಗೆ ಒತ್ತಿ ತೆಗೆದರೆ ಉಳಿಯುವ ಪೊಳ್ಳಿಗೆ ಕಾರ್ಖಾನೆಯಲ್ಲಿ ಕರಗಿದ ಲೋಹ ಹೊಯ್ಯುತ್ತಾರೆ. ಲೋಹ ಆರುವಾಗ ಕುಗ್ಗುತ್ತದೆ, ಅಷ್ಟನ್ನು ಮರದಲ್ಲಿ ಮೊದಲೇ ದೊಡ್ಡದು ಮಾಡಿರಬೇಕು. ಮರ ಒಣಗಿದ ಶಿವನಿಯದೇ ಆಗಬೇಕು, ಬೇರೆಯದು ಬಾಗುತ್ತದೆ. ದಿನಕ್ಕೆ ಹನ್ನೊಂದು ಗಂಟೆ ಕೂರುತ್ತಾರೆ. ವರ್ಷಕ್ಕೆ ಎಪ್ಪತ್ತು ಎಂಬತ್ತು ಅಚ್ಚು, ಅದರಲ್ಲಿ ಹಡಗಿನವು ಐದೋ ಆರೋ. ಎಡಗೈ ತೋರುಬೆರಳಿನ ತುದಿ ಗರಗಸಕ್ಕೆ ಹೋಗಿದೆ. ಬಲಗಣ್ಣಿಗೆ ಪೊರೆ ಬರುತ್ತಿದೆ. ಹಾಗಾಗಿಯೇ ಮೂಲೆಗಳನ್ನು ಈಗ ಕಣ್ಣಿಗಿಂತ ಬೆರಳಿನಿಂದ ನೋಡುತ್ತಾರೆ.

"ಈ ಚಕ್ರಕ್ಕೆ ಏಳು ರೆಕ್ಕೆ. ಒಂದೊಂದರ ಬುಡಕ್ಕೂ ಎರಡು ಮಗ್ಗಲು. ಹದಿನಾಲ್ಕು ಮೂಲೆ ಆಯ್ತಲ್ರೀ," ಎಂದು ಕಡ್ಡಿಯನ್ನು ಮತ್ತೆ ಉರಿಗೆ ಹಿಡಿಯುತ್ತಾರೆ. "ಮೂಲೆ ಚೂಪಾಗಿದ್ರೆ ಕಂಚು ಆರುವಾಗ ಅಲ್ಲೇ ಸೀಳ್ತದೆ. ಕೂದಲೆಳೆಯಷ್ಟು. ಕಣ್ಣಿಗೆ ಕಾಣಲ್ಲ. ಪಂಪು ತಿರುಗ್ತಾ ತಿರುಗ್ತಾ ಅದು ಬೆಳೀತದೆ. ಹದಿನಾಲ್ಕನ್ನೂ ತುಂಬ್ಬೇಕು. ನಾನು ಒಂದ್ಸಲ ಹನ್ನೆರಡು ತುಂಬಿದ್ದೆ."

ಹೆಂಡತಿ ಹುಲಿಯಮ್ಮ ಕಾಫಿ ಲೋಟ ಇಟ್ಟು ಅಲ್ಲೇ ನಿಲ್ಲುತ್ತಾರೆ. ಈ ಮಾತು ಪತ್ರಿಕೆಯಲ್ಲಿ ಬರಬೇಕೇ ಎಂದು ನಾವು ಕೇಳಿದರೆ ಗುತ್ಯಪ್ಪ ತಲೆ ಎತ್ತುವುದಿಲ್ಲ. "ಬರೀರಿ. ಬ್ಯಾಡ ಅಂದ್ರೆ ಮತ್ತೆ ಮುಚ್ಚಿಟ್ಟಂಗೆ ಆಗ್ತದೆ."

ಅದು ಐದು ವರ್ಷದ ಹಿಂದಿನ ಮಾತು, ಡಿಸೆಂಬರ್ ತಿಂಗಳು. ಇಂಥದೇ ಇನ್ನೊಂದು ಹಡಗು, ಇಂಥದೇ ಪಂಪು. ಹೊಸ ವರ್ಷದ ಪ್ರಯಾಣಕ್ಕೆ ಟಿಕೆಟ್ ಮಾರಿ ಆಗಿತ್ತು. ನಾಲ್ಕು ದಿನದ ಕೆಲಸವನ್ನು ಎರಡೇ ದಿನದಲ್ಲಿ ಮಾಡಿಕೊಡಿ ಎಂದರು. ಗುತ್ಯಪ್ಪ ಒಪ್ಪಿದರು. ಎರಡನೇ ದಿನದ ಮಧ್ಯಾಹ್ನ ಜೀಪು ಶೆಡ್ಡಿನ ಬಾಗಿಲಿಗೆ ಬಂದು ನಿಂತು ಹಾರ್ನ್ ಹೊಡೆಯತೊಡಗಿತು. ಹನ್ನೆರಡು ಮೂಲೆ ಮುಗಿದಿತ್ತು. ಏಳನೇ ರೆಕ್ಕೆಯ ಎರಡು ಬಾಕಿ. ಮೇಣ ತಣಿದು ಹೋಗಿತ್ತು, ಮತ್ತೆ ಕಾಯಿಸಬೇಕಿತ್ತು. ಡ್ರೈವರ್ ಒಳಗೇ ಬಂದುಬಿಟ್ಟ.

"ಎರಡೇ ಅಲ್ವಾ ಅಂದ್ಕಂಡೆ. ಅಷ್ಟೇ. ಅಂದ್ಕಂಡು ಕೊಟ್ಬಿಟ್ಟೆ."

ಶಿಕಾರಿಪುರದಲ್ಲಿ ಅಚ್ಚನ್ನು ಮರಳಿಗೆ ಒತ್ತಿದವರು ಭೀಮಣ್ಣ. ಹದಿನೆಂಟು ವರ್ಷದಿಂದ ಆ ಕಾರ್ಖಾನೆಯ ಮರಳಿನ ಕೆಲಸವೆಲ್ಲ ಅವರದೇ. ಆತುರದಲ್ಲಿ ಅವರೂ ನೋಡಲಿಲ್ಲ. ಕಂಚು ಹೊಯ್ದರು, ಚಕ್ರ ಘಟ್ಟ ಇಳಿಯಿತು, ಹಡಗು ಹೇಳಿದ ದಿನಕ್ಕೆ ಹೊರಟಿತು. ಆರನೇ ದಿನ ನಡುಸಮುದ್ರದಲ್ಲಿ ಏಳನೇ ರೆಕ್ಕೆ ಬುಡಕ್ಕೆ ಕಿತ್ತುಬಂತು. ಪಂಪು ನಿಂತಿತು, ಎಂಜಿನ್ ಕೆಂಡವಾಯಿತು. ಬದಲಿ ಪಂಪು ಮೊದಲೇ ಕೆಟ್ಟಿತ್ತು. ಹಡಗು ಹನ್ನೊಂದು ಗಂಟೆ ಹೊತ್ತು ದೀಪವಿಲ್ಲದೆ ತೇಲಿತು. ಎಂಜಿನ್ ಕೋಣೆಯಲ್ಲಿ ನೀರಿನ ತೊಟ್ಟಿಯ ಮುಚ್ಚಳ ಸಡಿಲಿಸಲು ಹೋದ ಕೆಲಸಗಾರನೊಬ್ಬನ ಮೇಲೆ ಕುದಿನೀರು ಚಿಮ್ಮಿತು. ಕಾದ ಲಾರಿಯ ರೇಡಿಯೇಟರ್ ತೆಗೆದಾಗ ಚಿಮ್ಮುವುದಿಲ್ಲವೇ, ಅದರ ನೂರು ಪಟ್ಟು. ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ನರಳಿ ಆ ಮನುಷ್ಯ ತೀರಿಕೊಂಡ.

ಒಡೆದ ಚಕ್ರ ತಿಂಗಳಾದ ಮೇಲೆ ಕಾರ್ಖಾನೆಗೆ ಬಂತು. ಜೊತೆಗೆ ಎರಡು ಸಾಲಿನ ಕಾಗದ, ಎರಕದ ದೋಷ ಎಂದು. ಮಾಲೀಕ ಗುರುಪ್ರಕಾಶ್ ಮರಳು ಹಸಿಯಾಗಿದ್ದರಿಂದ ಕಂಚು ಕೆಟ್ಟಿತು ಎಂದು ತೀರ್ಮಾನಿಸಿ ಭೀಮಣ್ಣನವರನ್ನು ಕೆಲಸದಿಂದ ತೆಗೆದರು. ಅದೇ ವಾರ ಗುತ್ಯಪ್ಪ ಕಾರ್ಖಾನೆಗೆ ಹೋಗಿದ್ದಾಗ, ಮೂಲೆಗೆ ಎಸೆದಿದ್ದ ಚಕ್ರವನ್ನು ಎತ್ತಿ ನೋಡಿದರು. ಆರು ರೆಕ್ಕೆಯ ಬುಡ ದುಂಡಗಿತ್ತು. ಏಳನೆಯದು ಮುರಿದ ಜಾಗ ಚಾಕು ಹಾಕಿದಂತೆ ಚೂಪಾಗಿತ್ತು.

"ನೋಡಿದ ತಕ್ಷಣ ಗೊತ್ತಾಯ್ತು. ಮನೆಗೆ ಬಂದು ಊಟ ಮಾಡಿ ಮಲಗಿದೆ. ಯಾರಿಗೂ ಹೇಳ್ಲಿಲ್ಲ. ಇವಳಿಗೂ."

ನಾಲ್ಕು ತಿಂಗಳು ಹಾಗೇ ಕಳೆಯಿತು. ಏನೋ ಆಗಿದೆ ಎಂದು ಹುಲಿಯಮ್ಮನಿಗೆ ಗೊತ್ತಾಗುತ್ತಿತ್ತು. "ಉಳಿ ಹಿಡ್ಕಂಡು ಸುಮ್ನೆ ಕೂತಿರೋರು. ಕೇಳಿದ್ರೆ ಬೆನ್ನುನೋವು ಅನ್ನೋರು," ಎನ್ನುತ್ತಾರೆ ಅವರು.

ಆಮೇಲೊಂದು ದಿನ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಭೀಮಣ್ಣ ಸಿಕ್ಕಿದರು. ಲಾರಿಯಿಂದ ಮೆಕ್ಕೆಜೋಳದ ಚೀಲ ಇಳಿಸುತ್ತಿದ್ದರು. ಐವತ್ತು ದಾಟಿದ ಮೈ, ಹೆಗಲ ಮೇಲಿನ ಚರ್ಮ ಕಿತ್ತಿತ್ತು. ಗುತ್ಯಪ್ಪ ಮುಖ ತಿರುಗಿಸಿ ಹೋಗುವವರಿದ್ದರು. ಭೀಮಣ್ಣನವರೇ ಕೂಗಿ ಕರೆದು ಚಹಾ ಕುಡಿಸಿದರು. ಕುಡಿಯುತ್ತ, ಯಾರೂ ಕೇಳದೆಯೇ ಹೇಳಿದರು: "ಮರಳು ಹಸಿ ಇತ್ತೇನೋ ಮಾರಾಯ. ನಾ ಮುಟ್ಟಿ ನೋಡಿದ್ದೆ, ಸರಿ ಇತ್ತು ಅನಿಸ್ತದ. ಆದ್ರ ಎಲ್ಲಾರೂ ಹಸಿ ಅಂತಾರ. ಇದ್ದಿರಬೇಕು. ಒಬ್ಬ ಮನುಷ್ಯಾ ಸತ್ತ ನೋಡು, ನನ್ನ ಕೈಯಾಗ."

ಇದನ್ನು ಹೇಳುವಾಗ ಗುತ್ಯಪ್ಪ ಕಡ್ಡಿಯನ್ನು ಕೆಳಗಿಡುತ್ತಾರೆ. ಸ್ಟೌವು ಸುಮ್ಮನೆ ಉರಿಯುತ್ತದೆ.

"ಅವ್ನು ಬೈದಿದ್ರೆ ತಡ್ಕಂತಿದ್ದೆ. ಅವ್ನು ನಂಬಿಬಿಟ್ಟಿದ್ದ ರೀ. ತಾನೇ ಮಾಡಿದ್ದು ಅಂತ ನಂಬಿದ್ದ. ನಾನು ಅವನ ಚಾ ಕುಡಿದು ಬಸ್ ಹತ್ತಿದೆ."

ಮಾರನೆಯ ದಿನ ಮೊದಲ ಬಸ್ಸಿಗೆ, ಎರಕವಾದ ಮೇಲೆ ವಾಪಸು ಬಂದಿದ್ದ ಹಳೆಯ ಅಚ್ಚನ್ನು ಟವೆಲಿನಲ್ಲಿ ಸುತ್ತಿಕೊಂಡು ಶಿಕಾರಿಪುರಕ್ಕೆ ಹೋದರು. ಗುರುಪ್ರಕಾಶರ ಮೇಜಿನ ಮೇಲಿಟ್ಟು ಆ ಎರಡು ಮೂಲೆ ತೋರಿಸಿದರು. ಗುರುಪ್ರಕಾಶ್ ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಮುಗಿದುಹೋದ ಕಥೆ. ಈಗ್ಯಾಕೆ ತಂದೆ ಗುತ್ಯಪ್ಪ?" ಎಂದರು. ಆದರೂ ಸಂಜೆಯೊಳಗೆ, ತಪ್ಪು ಮರಳಿನದಲ್ಲ, ಕೆಲಸಕ್ಕೆ ಬಾ ಎಂದು ಭೀಮಣ್ಣನವರಿಗೆ ಹೇಳಿ ಕಳಿಸಿದರು. ಹಡಗಿನವರಿಗೂ ಕಾಗದ ಬರೆದರು. ಅದಕ್ಕೆ ಉತ್ತರ ಬರಲಿಲ್ಲ. ಅವರ ಲೆಕ್ಕದಲ್ಲಿ ಅದು ಎರಕದ ದೋಷವಾಗಿಯೇ ಉಳಿದಿದೆ.

ಭೀಮಣ್ಣ ಕೆಲಸಕ್ಕೆ ಹೋಗುವ ಮೊದಲು ಸೊರಬಕ್ಕೆ ಬಂದರು. ಶೆಡ್ಡಿನೊಳಗೆ ಕೂರಲಿಲ್ಲ. ಅಚ್ಚನ್ನು ಕೇಳಿ ತೆಗೆದುಕೊಂಡು, ಆ ಮೂಲೆಗಳಿಗೆ ಹೆಬ್ಬೆರಳು ಒತ್ತಿ ನೋಡಿದರು. "ನಾಲ್ಕು ತಿಂಗಳು ನಿದ್ದಿ ಮಾಡಿಲ್ಲ ನಾನು," ಎಂದಷ್ಟೇ ಹೇಳಿ ಹೊರಟರು. ಅಂದಿನಿಂದ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಗುತ್ಯಪ್ಪ ಹೊಸ ಅಚ್ಚಿನೊಂದಿಗೆ ಶಿಕಾರಿಪುರದ ಕಾರ್ಖಾನೆಯಲ್ಲಿದ್ದಾರೆ. ಬಂದರಿನ ಏಜೆಂಟು ತಾನೇ ಘಟ್ಟ ಹತ್ತಿ ಬಂದು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾನೆ. ಕುಲುಮೆ ಕಾದಿದೆ. ಭೀಮಣ್ಣ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಬೆರಳು ಒಂದೊಂದೇ ಮೂಲೆಯಲ್ಲಿ ಹೋಗುತ್ತದೆ. ಹತ್ತನೆಯದರಲ್ಲಿ ನಿಲ್ಲುತ್ತದೆ.

"ಇಲ್ಲಿ ಒರಟ ಐತಿ."

ಗುತ್ಯಪ್ಪ ಮುಟ್ಟಿ ನೋಡಿ ತಲೆಯಾಡಿಸುತ್ತಾರೆ. ಬಸ್ಸಿನಲ್ಲಿ ಬರುವಾಗ ಎಂಜಿನ್ನಿನ ಬಿಸಿಗೆ ಮೇಣ ಚೂರು ಜಾರಿದೆ. ಚೀಲದಿಂದ ಕಡ್ಡಿ ತೆಗೆದು, ಕುಲುಮೆಯ ಪಕ್ಕದ ಕೆಂಡಕ್ಕೆ ಹಿಡಿಯುತ್ತಾರೆ.

"ಒಂದು ಮೂಲೆಗೆ ಇನ್ನೆಷ್ಟು ಹೊತ್ತು?" ಏಜೆಂಟನ ಗಂಟಲು ಏರುತ್ತದೆ. "ಅಲ್ಲಿ ವಯಸ್ಸಾದವರಿದ್ದಾರೆ, ಶುಗರ್ ಇರೋರಿದ್ದಾರೆ. ಒಬ್ಬಾಕೆ ಮಗಳ ಮದುವೆ ತಪ್ಪಿಹೋಯ್ತು ಅಂತ ನೆಲದಲ್ಲಿ ಬಿದ್ದು ಅಳ್ತಿದ್ದಾಳೆ. ನಿಮಗೆ ಮನುಷ್ಯತ್ವ ಇಲ್ವಾ?"

ಗುತ್ಯಪ್ಪನವರ ಮುಖ ಕಪ್ಪಿಡುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ಮೇಣ ಕೆರೆದು, ತುಂಬಿ, ಒದ್ದೆ ಬಟ್ಟೆ ಹಾಕಿ ತಣಿಸಿ, ಮತ್ತೆ ಭೀಮಣ್ಣನವರ ಕೈಗೆ ಕೊಡುವಷ್ಟರಲ್ಲಿ ಹನ್ನೊಂದೂವರೆ. ಭೀಮಣ್ಣ ಮತ್ತೆ ಮೊದಲನೇ ಮೂಲೆಯಿಂದ ಶುರುಮಾಡುತ್ತಾರೆ. ಹದಿನಾಲ್ಕೂ ಮುಗಿದ ಮೇಲೆ ಅಚ್ಚನ್ನು ಮರಳಿನ ಪೆಟ್ಟಿಗೆಯ ಬಳಿಗೆ ಒಯ್ಯುತ್ತಾರೆ.

ಹಡಗು ಹೊರಟದ್ದು ಶನಿವಾರ ಮಧ್ಯಾಹ್ನ. ಒಟ್ಟು ಎಂಟು ದಿನ ತಡ. ಗುತ್ಯಪ್ಪನವರಿಗೆ ಅದನ್ನು ಯಾರೂ ತಿಳಿಸಲಿಲ್ಲ. ಭಾನುವಾರವೂ ಫೋನ್ ಬಾರದ್ದರಿಂದ ಅವರೇ ಅಂದುಕೊಂಡರು. "ಓಡಿದ್ರೆ ಯಾರೂ ಫೋನ್ ಮಾಡಲ್ಲ. ನಿಂತ್ರೆ ಮಾಡ್ತಾರೆ," ಎನ್ನುತ್ತಾರೆ. ಮೇಜಿನ ಮೇಲೆ ಈಗ ಬಂದಳಿಕೆ ಕಡೆಯ ರೈತರೊಬ್ಬರ ನೀರೆತ್ತುವ ಪಂಪಿನ ಅಚ್ಚಿದೆ. ಅದರ ಮೂಲೆಗಳಿಗೂ ಅಷ್ಟೇ ಹೊತ್ತು ಹಿಡಿಯುತ್ತದೆ.

ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ, ಮೊದಲು ಇಲ್ಲ ಎನ್ನುತ್ತಾರೆ. ಹೊರಡುವ ಹೊತ್ತಿಗೆ ಗೇಟಿನವರೆಗೆ ಬಂದು, ಹುಲಿಯಮ್ಮ ಒಳಗಿದ್ದಾರೆಯೇ ಎಂದು ಹಿಂದೆ ನೋಡಿ, ದನಿ ತಗ್ಗಿಸುತ್ತಾರೆ. ಎಲ್ಲ ಹೇಳಿಕೊಂಡ ಆ ವರ್ಷ ಒಬ್ಬರೇ ಮಂಗಳೂರಿಗೆ ಹೋಗಿದ್ದರಂತೆ. ಬಂದರಿನ ಗೇಟಿನಲ್ಲಿ ಪಾಸು ಕೇಳಿ ವಾಪಸು ಕಳಿಸಿದರು. ಅಲ್ಲಿಂದ ವಿಚಾರಿಸುತ್ತ ಆಸ್ಪತ್ರೆಗೆ ಹೋದರು.

"ಕಿಟಕಿಯಲ್ಲಿ ಒಬ್ಬಮ್ಮ ಇದ್ರು. ಹಡಗಿನಲ್ಲಿ ಸುಟ್ಟುಕೊಂಡು ಬಂದಿದ್ರಲ್ಲ, ಅವರ ಹೆಸರೇನಮ್ಮ, ಯಾವ ಊರು ಅಂದೆ. ನೀವು ಅವರಿಗೆ ಏನಾಗ್ಬೇಕು ಅಂದ್ರು. ಏನ್ ಹೇಳದು ಹೇಳ್ರಿ? ಸುಮಾರು ಹೊತ್ತು ನಿಂತೆ. ಹಿಂದೆ ಜನ ಬೈಯ್ಯೋಕೆ ಶುರುಮಾಡಿದ್ರು. ಬಂದುಬಿಟ್ಟೆ."

ಕೈಗೆ ಅಂಟಿದ ಮೇಣವನ್ನು ಉಗುರಿನಿಂದ ಕೆರೆಯುತ್ತಾರೆ.

"ನೀವು ಪೇಪರಿನೋರು, ಕೇಳಿದ್ರೆ ಹೇಳ್ತಾರೆ. ಅವರ ಮನೆಗೆ ಹೋಗೋಕೆ ನನಗೆ ಮುಖ ಇಲ್ಲ. ಹೆಸರೊಂದು ತಿಳ್ಕಂಡು ಹೇಳ್ರಿ, ಸಾಕು."