ವಸಂತಮ್ಮ ತೊಳೆದ ಚಾರ್ಜಿಂಗ್ ಮಿಷನ್

ವಸಂತಮ್ಮ ಟಿ. ದಾಸರಹಳ್ಳಿಯ ನಮ್ಮ ವಠಾರದಲ್ಲಿ ಕೊನೆಯ ಮನೆಯಲ್ಲಿದ್ದರು. ಈಗ ನೆಲಮಂಗಲದಾಚೆ ಒಂದು ಗೋಡೌನಿನಲ್ಲಿ ಕೆಲಸಕ್ಕಿದ್ದಾರೆ. ನಾನು ಇಲ್ಲಿ ಬರೆದಿರುವುದು ಅಲ್ಲಿಗೆ ಹೋಗಿದ್ದಾಗ ಅವರೇ ಹೇಳಿದ್ದು. ಸ್ವಲ್ಪ ಭಾಗ ಅವರ ಗಂಡ ಹನುಮಂತಯ್ಯ ಹೇಳಿದ್ದು. ಇಬ್ಬರ ಮಾತೂ ಹೊಂದದ ಕಡೆ ವಸಂತಮ್ಮನ ಮಾತನ್ನು ಇಟ್ಟುಕೊಂಡಿದ್ದೇನೆ, ಏಕೆಂದರೆ ಆ ದಿನ ಮಿಷನ್ ತೊಳೆದವರು ಅವರು.

ಇಬ್ಬರೂ ಚೊಕ್ಕಸಂದ್ರದ ಹಳೆಯ ಮನೆತನದವರು. ಪೀಣ್ಯದ ಒಂದೇ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದರು. ಹನುಮಂತಯ್ಯನದು ಪವರ್ ಪ್ರೆಸ್. ತಗಡು ಇಟ್ಟು ಪೆಡಲ್ ತುಳಿದರೆ ಮೇಲಿನ ಅಚ್ಚು ಧಡ್ ಅಂತ ಬೀಳುವ ಮಿಷನ್ ಅದು. ಅದರಿಂದ ಬಂದ ತುಂಡುಗಳ ಚೂಪಾದ ಅಂಚನ್ನು ಅರದಿಂದ ಉಜ್ಜುವುದು ವಸಂತಮ್ಮನ ಕೆಲಸ.

ಆ ವರ್ಕ್‌ಶಾಪಿನಲ್ಲಿ ಆಯುಧಪೂಜೆ ಎಂದರೆ ಹೂವು ಹಾಕಿ ಊದುಬತ್ತಿ ಹಚ್ಚುವುದು ಕೊನೆಯ ಕೆಲಸ. ಅದಕ್ಕೆ ಮುಂಚೆ ಮೇನ್ ಸ್ವಿಚ್ ಆರಿಸಿ, ಮಿಷನ್ನಿನ ಸಂದುಗೊಂದಿನ ಜಿಡ್ಡೆಲ್ಲ ಕೆರೆದು, ಸೋಪಿನ ನೀರಿನಲ್ಲಿ ಉಜ್ಜಿ ಒರೆಸಬೇಕಿತ್ತು. ಆಮೇಲೆ ವಿಭೂತಿ, ಕುಂಕುಮ. ಕುಂಕುಮ ಇಡುವುದು ಮಿಷನ್ನಿನ ಬಾಯಿಗೆ, ಅಂದರೆ ಕೆಲಸ ಮಾಡುವ ಜಾಗಕ್ಕೆ. "ಬೆನ್ನಿಗೆ ಇಟ್ರೆ ಏನ್ ಬಂತು? ಕಚ್ಚೋದು ಬಾಯಿ ತಾನೆ," ಎನ್ನುತ್ತಿದ್ದರು ವಸಂತಮ್ಮ.

ಒಂದು ವರ್ಷ ಅರ್ಜೆಂಟ್ ಆರ್ಡರ್ ಇತ್ತು. ಮಾಲೀಕರು ಪ್ರೆಸ್ ನಿಲ್ಲಿಸಲಿಲ್ಲ. ಓಡುತ್ತಿದ್ದ ಮಿಷನ್ನಿಗೇ ಒಂದು ಹಾರ ಹಾಕಿ ಕೈಮುಗಿದರು. ಆ ದೀಪಾವಳಿಗೆ ಮುಂಚೆ ಹನುಮಂತಯ್ಯನ ಬಲಗೈಯ ಬೆರಳುಗಳು ಹೋದವು. ಇದನ್ನು ದೇವರ ಕೋಪ ಎಂದು ವಸಂತಮ್ಮ ಯಾವತ್ತೂ ಹೇಳಿದ್ದಿಲ್ಲ. "ಆವತ್ತು ನಿಲ್ಸಿ ತೊಳ್ದಿದ್ರೆ ಪೆಡಲಿನ ಸ್ಪ್ರಿಂಗ್ ಸಡ್ಲ ಆಗಿರೋದು ನನ್ ಕಣ್ಣಿಗೆ ಬೀಳ್ತಿತ್ತು" ಎಂದಷ್ಟೇ ಹೇಳುತ್ತಾರೆ.

೨೦೧೯ರಲ್ಲಿ ಕಾರುಗಳು ಮಾರಾಟವಾಗುತ್ತಿಲ್ಲ ಎಂದು ಪೀಣ್ಯದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಆರ್ಡರ್ ನಿಂತು ವರ್ಕ್‌ಶಾಪ್ ಬಾಗಿಲು ಹಾಕಿತು. ಅದೇ ಸಮಯಕ್ಕೆ ನಮ್ಮ ವಠಾರದ ಮಾಲೀಕರು ಕೊನೆಯ ಮನೆ ಕೆಡವಿ ಕಟ್ಟುತ್ತೇವೆ ಎಂದರು. ಗಂಡ ಹೆಂಡತಿ ಮನೆ ಹುಡುಕಿದರು. ಕೆಲಸ ಎಲ್ಲಿ ಎಂದು ಕೇಳಿದ ಮೇಲೆ, ಆಮೇಲೆ ಹನುಮಂತಯ್ಯನ ಕೈ ನೋಡಿದ ಮೇಲೆ, ಮನೆಯವರೆಲ್ಲ ಬೇರೆಯವರಿಗೆ ಮಾತಾಗಿದೆ ಎನ್ನುತ್ತಿದ್ದರು.

ಆಗ ಸಿಕ್ಕಿದ್ದು ತುಮಕೂರು ರಸ್ತೆಯ ಚಾರ್ಜಿಂಗ್ ಸ್ಟೇಷನ್. ಒಂದು ಕಂಪನಿ ಕರೆಂಟಿನ ಕಾರುಗಳಿಗೆ ಬೆಂಗಳೂರಿನಿಂದ ಮುಂಬೈವರೆಗೆ, ಅಲ್ಲಿಂದ ದೆಹಲಿವರೆಗೆ ಸಾಲಾಗಿ ಸ್ಟೇಷನ್ ಹಾಕುತ್ತಿತ್ತು. ಸಾಲಿನಲ್ಲಿ ಇದೇ ಮೊದಲನೆಯದು. ಒಂದು ಮಿಷನ್, ಮೇಲೊಂದು ಚಪ್ಪರ, ಹಿಂದೆ ತಗಡಿನ ರೂಮು. ನೋಡಿಕೊಳ್ಳುವವರು ಆ ರೂಮಿನಲ್ಲೇ ಇರಬಹುದಿತ್ತು. ಕೆಲಸ ಕೊಡಿಸಿದವರು ಸೈಟ್ ಎಂಜಿನಿಯರ್ ಶಿವರಾಜ್, ದಾವಣಗೆರೆ ಕಡೆಯ ಹುಡುಗ.

"ಈಗ ಬರೀ ಟ್ರಯಲ್ ಅಮ್ಮ," ಎಂದಿದ್ದರು ಅವರು. "ವಿಜಯದಶಮಿ ದಿನ ಇಲ್ಲಿ ಚಾರ್ಜ್ ಮಾಡ್ಕೊಂಡು ನಮ್ಮ ಕಾರು ಮುಂಬೈಗೆ ಹೊರಡ್ತದ. ಅದು ಸರಿಯಾದ್ರೆ ಕೆಲಸ, ರೂಮು ಎರಡೂ ನಿಮಗೇ ಪಕ್ಕಾ."

ರೂಮಿಗೆ ಬಂದ ದಿನ ಹನುಮಂತಯ್ಯ ಹೊಸಿಲ ಮೇಲೆ ಕೂತು ರಸ್ತೆ ನೋಡುತ್ತಾ, "ದೆಹಲಿಗೆ ಹೋಗೋರೆಲ್ಲ ನಮ್ಮನೆ ಮುಂದೇನೇ ಹೋಗ್ಬೇಕು ಕಣೇ, ಒಂದು ಸುಂಕದ ಕಟ್ಟೆ ಹಾಕ್ಲಾ?" ಎಂದು ನಕ್ಕರಂತೆ. ಬೆರಳು ಹೋದ ಮೇಲೆ ಅವರು ತಮಾಷೆ ಮಾಡಿದ್ದು ಅದೇ ಮೊದಲು ಎಂದು ವಸಂತಮ್ಮ ಹೇಳಿದರು.

ಆಯುಧಪೂಜೆಯ ಹಿಂದಿನ ದಿನ ವಸಂತಮ್ಮ ಶಿವರಾಜ್‌ಗೆ ಫೋನ್ ಮಾಡಿ ಕೇಳಿದರು. "ಸಾರ್, ಮಿಷನ್ನಿಗೆ ಪೂಜೆ ಮಾಡ್ಬೋದಾ?"

"ಮಾಡ್ರಿ ಅಮ್ಮ, ಚಲೋ ಮಾಡ್ರಿ. ನಾಡಿದ್ದು ಕಂಪನಿಯಿಂದ ರಕ್ಷಿತಾ ಮೇಡಂ ಬರ್ತಾರೆ, ಮಿಷನ್ ಲಕಲಕ ಅಂತ ಇರ್ಬೇಕು."

ಶಿವರಾಜ್ ಮನಸ್ಸಿನಲ್ಲಿದ್ದದ್ದು ಒಂದು ಹಾರ, ಎರಡು ಊದುಬತ್ತಿ. ವಸಂತಮ್ಮನ ಮನಸ್ಸಿನಲ್ಲಿದ್ದದ್ದು ಪೀಣ್ಯದ ಪೂಜೆ.

ಬೆಳಿಗ್ಗೆ ವಸಂತಮ್ಮ ಮೊದಲು ಮೇನ್ ಆರಿಸಿದರು. ಮಿಷನ್ನಿನ ಮೈಯನ್ನು ಸೋಪಿನ ನೀರಿನಲ್ಲಿ ತೊಳೆದರು. ದಪ್ಪ ಕೇಬಲ್ಲಿನ ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಹಿಡಿ ಇರುತ್ತದೆ, ಅದನ್ನು ಗನ್ ಅನ್ನುತ್ತಾರೆ. ಅದರ ಮೂತಿಯಲ್ಲಿ ರಸ್ತೆಯ ದೂಳು ಕೂತಿತ್ತು. ಒದ್ದೆ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಒಂದೊಂದು ತೂತನ್ನೂ ಒರೆಸಿದರು. ಬಕೆಟ್ಟಿನಲ್ಲಿ ಅದ್ದಿ ಜಾಲಿಸಿದರು. ಒಣಬಟ್ಟೆಯಲ್ಲಿ ಒತ್ತಿ ಒರೆಸಿ, ನೀರಿನಲ್ಲಿ ಕಲಸಿದ ಕುಂಕುಮವನ್ನು ಪ್ರತಿ ತೂತಿಗೂ ಇಟ್ಟರು. ಮಿಷನ್ನಿನ ಬಾಯಿ ಅದೇ ತಾನೆ. ಹನುಮಂತಯ್ಯ ಎಡಗೈಯಲ್ಲಿ ಕುಂಬಳಕಾಯಿ ಎತ್ತಿ ಒಡೆದರು.

ಪೂಜೆ ಮುಗಿದ ಮೇಲೆ ಮೇನ್ ಹಾಕಿದರೆ ಹಸಿರು ದೀಪದ ಬದಲು ಕೆಂಪು ದೀಪ ಬಂತು. ಆರಿಸಿ ಹಾಕಿದರು. ಮತ್ತೆ ಕೆಂಪೇ.

ಶಿವರಾಜ್ ಬೈಕಿನಲ್ಲಿ ಬಂದರು. ಗನ್ ಕೈಗೆ ತೆಗೆದುಕೊಂಡು ಬಗ್ಗಿಸಿದರೆ ಕೆಂಪು ನೀರು ಅವರ ಬೂಟಿನ ಮೇಲೆ ತೊಟ್ಟಿಕ್ಕಿತು.

"ಏನಮ್ಮ ಇದು?"

"ಪೂಜೆ ಸಾರ್. ನೀವೇ ಚೆನ್ನಾಗಿ ಮಾಡಿ ಅಂದ್ರಲ್ಲ."

ಶಿವರಾಜ್ ಮೊದಲು ನಕ್ಕರಂತೆ. ಆಮೇಲೆ ಟಾರ್ಚ್ ಹಾಕಿ ತೂತುಗಳ ಒಳಗೆ ನೋಡಿ ನಗು ನಿಲ್ಲಿಸಿದರು. ಮಳೆ ಮೇಲಿಂದ ಬಿದ್ದರೆ ಮಿಷನ್ ತಡೆಯುತ್ತದೆ, ಬಾಯಿ ತೆರೆದು ಬಕೆಟ್ಟಿನಲ್ಲಿ ಅದ್ದಿದರೆ ತಡೆಯುವುದಿಲ್ಲ, ಹಸಿ ಕಂಡರೆ ಅದು ಕರೆಂಟ್ ಬಿಡುವುದೇ ಇಲ್ಲ ಎಂದರು. ಕುಂಕುಮ ತಳದವರೆಗೂ ಇಳಿದಿತ್ತು. ಕೇಬಲ್ ಸಮೇತ ಗನ್ ಬದಲಾಯಿಸಬೇಕಿತ್ತು. ಬದಲಿ ಇದ್ದದ್ದು ಪುಣೆಯಲ್ಲಿ, ಅಲ್ಲೂ ಹಬ್ಬದ ರಜೆ.

ಬ್ಯೂಟಿ ಪಾರ್ಲರಿನಿಂದ ಕೂದಲು ಒಣಗಿಸುವ ಮಿಷನ್ ತಂದು ಮಧ್ಯಾಹ್ನದವರೆಗೆ ಬಿಸಿಗಾಳಿ ಹಿಡಿದರು. ದೀಪ ಕೆಂಪಾಗಿಯೇ ಇತ್ತು. ವರ್ಕ್‌ಶಾಪುಗಳಲ್ಲಿ ಗಾಳಿ ಒತ್ತಡದಲ್ಲಿ ಊದುವ ಕಂಪ್ರೆಸರ್ ಇರುತ್ತದೆ, ಅದರಿಂದ ಊದಿದರೆ ಕುಂಕುಮ ಬಂದರೂ ಬರಬಹುದು ಎಂದು ಹನುಮಂತಯ್ಯ ಹೇಳಿದರು. ಶಿವರಾಜ್ ಕೇಬಲ್ ಸಮೇತ ಗನ್ ಬಿಚ್ಚಿಕೊಟ್ಟರು, ವಸಂತಮ್ಮ ಅದನ್ನು ಹೆಗಲಿಗೆ ಹಾಕಿಕೊಂಡು ಪೀಣ್ಯಕ್ಕೆ ಓಡಿದರು.

ಪೀಣ್ಯ ಎಲ್ಲಾ ಬಾಳೆಕಂದು ಕಟ್ಟಿಕೊಂಡು ಸುಮ್ಮನೆ ನಿಂತಿತ್ತು. ಎಷ್ಟೋ ಗೇಟುಗಳಿಗೆ ಬೀಗ. ಒಂದು ಕಡೆ ಮಾತ್ರ ಪರಿಚಯದ ಮಡಿವಾಳಪ್ಪ ಎಂಬ ವಾಚ್‌ಮನ್ ಬಾಗಿಲಲ್ಲಿ ಕೂತು ಪುರಿ ತಿನ್ನುತ್ತಿದ್ದರು. ಒಳಗೆ ಕಂಪ್ರೆಸರ್ ಕಾಣುತ್ತಿತ್ತು. ಅದಕ್ಕೂ ಹಾರ ಹಾಕಿತ್ತು.

"ಐದೇ ನಿಮ್ಷ ಅಣ್ಣ. ಕಾಲಿಗೆ ಬೀಳ್ತೀನಿ."

"ನಿಂಗ್ ಗೊತ್ತಿಲ್ವೇನಮ್ಮ? ಪೂಜೆ ಆದ ಮಿಷನ್ನ ಇವತ್ತು ಓಡಿಸ್ತಾರಾ? ನಾಳೆ ಮಾಲೀಕ್ರು ಬಂದು ನಿಂಬೆಹಣ್ಣು ತೆಗೀಬೇಕು."

"ಗೊತ್ತು ಕಣಣ್ಣ."

"ಗೊತ್ತಿದ್ದೂ ಕೇಳ್ತೀಯಲ್ಲ. ನಾಳೆ ಯಾರ್ದಾದ್ರೂ ಕೈ ಹೋದ್ರೆ ನನ್ನ ಹೆಸರು ಹೇಳ್ತಾರೆ. ತಗೋ, ಪುರಿ ತಿನ್ನು."

ಕೈ ಎಂಬ ಮಾತು ಕೇಳಿದ ಮೇಲೆ ವಸಂತಮ್ಮ ಸೆರಗು ಒಡ್ಡಿದರು. ಪುರಿ ಹಾಕಿಸಿಕೊಂಡು ವಾಪಸ್ ನಡೆದರು.

ವಿಜಯದಶಮಿಯ ಬೆಳಿಗ್ಗೆ ಕಂಪನಿಯ ಕಾರು ಬಂತು. ರಕ್ಷಿತಾ ಮೇಡಂ ಇಳಿದರು. ಜೊತೆಗೆ ಕ್ಯಾಮೆರಾದವರು, ಕಾರು ತಯಾರಿಸುವ ಕಡೆಯ ಇಬ್ಬರು. ಶಿವರಾಜ್ ಗನ್ ಸಿಕ್ಕಿಸಿದರು. ಕೆಂಪು. ತೆಗೆದು ಸಿಕ್ಕಿಸಿದರು. ಕ್ಯಾಮೆರಾದವನು ಕ್ಯಾಮೆರಾ ಕೆಳಗಿಳಿಸಿದ.

ಬಂದವರಲ್ಲಿ ಒಬ್ಬರು, "ಮೊದಲನೇ ಸ್ಟೇಷನ್ನೇ ಇಂಗಾದ್ರೆ ದೆಹಲಿಗೆ ತಳ್ಕೊಂಡು ಹೋಗೋದಾ ಮೇಡಂ?" ಎಂದರು. ಇನ್ನೊಬ್ಬರು ನಕ್ಕರು. ಮೇಡಂ ನಗಲಿಲ್ಲ. ಗನ್ ಹೊರಗೆ ಎಳೆದು ನೋಡಿದರು. ಅವರ ಬೆರಳಿಗೆ ಕುಂಕುಮ ಹತ್ತಿತು.

"ಯಾರು ಮಾಡಿದ್ದು?"

"ನಾನೇ ತೊಳ್ದೆ ಮೇಡಂ. ಪೂಜೆಗೆ," ಎಂದರು ವಸಂತಮ್ಮ.

"ಅಮ್ಮ, ನಮ್ಮಪ್ಪನೂ ಕಾರಿಗೆ ಪೂಜೆ ಮಾಡ್ತಾರೆ. ಎಂಜಿನ್ ಒಳಗೆ ನೀರು ಹಾಕ್ತಾರಾ? ಮಾಡಿ ಅಂತ ನಿಮಗೆ ಹೇಳಿದ್ದು ಯಾರು?"

ವಸಂತಮ್ಮ ಶಿವರಾಜ್ ಕಡೆ ನೋಡಲಿಲ್ಲ. ನೋಡಿದ್ದರೆ ಮೇಡಂ ಕೂಡ ಆ ಕಡೆ ನೋಡುತ್ತಿದ್ದರು. ಅವರೇ ಹೇಳಲಿ ಎಂದು ಕಾದರು. ಶಿವರಾಜ್ ಕೇಬಲ್ ಸುತ್ತುತ್ತಿದ್ದರು. ಸುತ್ತಿ ಮುಗಿದ ಮೇಲೂ ಬಿಚ್ಚಿ ಇನ್ನೊಂದು ಸಲ ಸುತ್ತಿದರು.

"ಯಾರೂ ಹೇಳ್ಲಿಲ್ಲ ಮೇಡಂ."

"ಮೇಡಂ, ಅವಳು ಮೇನ್ ಆರಿಸೇ ತೊಳ್ದಿದ್ದು," ಎಂದರು ಹನುಮಂತಯ್ಯ ಹಿಂದಿನಿಂದ. "ರೂಮು ಮಾತ್ರ ಬಿಡಿಸ್ಬೇಡಿ. ನಾನು ಬೇಕಾದ್ರೆ ಸುಮ್ನೆ ಗುಡಿಸ್ಕೊಂಡು ಇರ್ತೀನಿ, ಎಡಗೈ ಗಟ್ಟಿ ಐತೆ."

ಮೇಡಂ ಅವರ ಕೈ ನೋಡಿದರು, ಬೇಗ ಬೇರೆ ಕಡೆ ನೋಡಿದರು. "ಇದು ನನ್ನ ಕೈಲಿಲ್ಲ. ಕರೆಂಟಿನ ಜಾಗ ಇದು. ನಿಮಗೇ ಏನಾದ್ರೂ ಆಗಿದ್ರೆ?" ಎಂದರು. ಕಾರು ಇದ್ದ ಚಾರ್ಜಿನಲ್ಲೇ ತುಮಕೂರಿನ ಸ್ಟೇಷನ್ ಕಡೆಗೆ ಹೊರಟಿತು.

ಸಂಜೆಗೆ ಶಿವರಾಜ್ ಬಂದು ಹೇಳಿದರು. ಇನ್ನು ಮೇಲೆ ಎಲ್ಲಾ ಸ್ಟೇಷನ್ನುಗಳಿಗೂ ಸೆಕ್ಯೂರಿಟಿ ಏಜೆನ್ಸಿಯವರು, ಅವರ ಗಾರ್ಡ್ ನಾಳೆ ಬರುತ್ತಾನೆ, ರೂಮು ಅವನಿಗೆ. ಹೇಳಿ ಮುಗಿಸಿ ಅವರು ಹೋಗಲಿಲ್ಲ.

"ನಾನು ಬಾಯಿ ಬಿಡ್ಬೇಕಿತ್ತು ಅಮ್ಮ."

"ಬಿಟ್ಟಿದ್ರೆ ನಿಮ್ದೂ ಹೋಗ್ತಿತ್ತು."

"ಹೋಗ್ತಿತ್ತೋ ಇಲ್ವೋ. ನಾನು ಹೇಳ್ಲಿಲ್ಲ."

ವಸಂತಮ್ಮನಿಗೆ ಅವರನ್ನು ಬೈಯಬೇಕು ಅನ್ನಿಸಿತಂತೆ. ಆದರೆ ಕೆಲಸ ಹೋದ ಮೇಲೂ ಅಮ್ಮ ಎಂದು ಕರೆದು ಎದುರಿಗೆ ನಿಂತಿದ್ದವರು ಅವರೊಬ್ಬರೇ. "ನಮ್ಮನೇವ್ರ ಕೈಲಿ ಪಾತ್ರೆ ಮೂಟೆ ಎತ್ತೋಕಾಗಲ್ಲ. ನೀವೊಂದು ಕಡೆ ಹಿಡ್ಕೊಳ್ಳಿ," ಎಂದರು.

ಮಾರನೇ ದಿನ ಸಾಮಾನು ತುಂಬಲು ಬಂದವರು ನಮ್ಮ ರಸ್ತೆಯ ಅಂಬರೀಶ್ ಅಣ್ಣ, ಲಗೇಜ್ ಆಟೋದವರು. ಹೊಸ ಗಾರ್ಡ್ ತನ್ನ ಟ್ರಂಕ್ ಮೇಲೆ ಕೂತು, ಇವರು ಖಾಲಿ ಮಾಡುವುದನ್ನೇ ಕಾಯುತ್ತಿದ್ದ. ವಸಂತಮ್ಮ ರೂಮು ಗುಡಿಸಿ, ಬೀಗದ ಕೈ ಅವನಿಗೆ ಕೊಟ್ಟು, ಹಿಂದೆ ಮೂಟೆಗಳ ನಡುವೆ ಗಂಡನ ಪಕ್ಕ ಹತ್ತಿ ಕೂತರು.

"ಎಲ್ಲಿಗಕ್ಕ?" ಎಂದು ಅಂಬರೀಶ್ ಅಣ್ಣ ಕೇಳಿದರು.

ಹನುಮಂತಯ್ಯ ಹೆಂಡತಿಯ ಮುಖ ನೋಡಿದರು. ವಸಂತಮ್ಮ ರಸ್ತೆಯ ಎರಡೂ ಕಡೆ ನೋಡಿದರು.

"ಮೊದ್ಲು ಹೊರಡು ಮಗಾ," ಎಂದರು. "ದಾರೀಲಿ ಹೇಳ್ತೀನಿ."